ಶಾರ್ಕ್‌ಗಿಂತ ಸಂಡೇ ಸಂಜೆಯ ಫ್ಲೈಟೇ ಅಪಾಯ

ಸ್ಕೂಬಾ ಕಲಿಯೋಕೆ ಹೋಗ್ತೀನಿ ಅಂತ ಊರಿಗೆ ಫೋನ್ ಮಾಡಿ ಹೇಳಿ ನೋಡಿ. ಅಮ್ಮ ಕೇಳೋ ಮೊದಲ ಪ್ರಶ್ನೆ, "ಅಲ್ಲಿ ಶಾರ್ಕ್ ಇರಲ್ವೇನೋ?" ಗುರುಗ್ರಾಮದಿಂದ ಹೊರಟಾಗ ನನ್ನ ತಲೆಯಲ್ಲೂ ಇದ್ದದ್ದು ಅದೇ. ಆದರೆ ಶನಿವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ಇನ್‌ಸ್ಟ್ರಕ್ಟರ್ ಕೇಳಿದ್ದು ಬೇರೇನೇ: "ಸರ್, ವಾಪಸ್ ಫ್ಲೈಟ್ ಯಾವಾಗ?"

ಭಾನುವಾರ ಬೆಳಿಗ್ಗೆ ಇನ್ನೊಂದು ಡೈವ್, ಸಂಜೆ ಮಂಗಳೂರಿಂದ ದೆಹಲಿ ಫ್ಲೈಟ್, ಸೋಮವಾರ ಆಫೀಸ್ ಕಾಲ್. ಇದು ನನ್ನ ಪ್ಲಾನು. "ಹಾಗಾದ್ರೆ ನಾಳೆ ನೀವು ನೀರಿಗೆ ಇಳಿಯೋ ಹಾಗಿಲ್ಲ" ಅಂದುಬಿಟ್ಟರು. ಯಾಕೆ ಅನ್ನೋದೇ ಇವತ್ತಿನ ಮಾತು.

ಮೊದಲು ಜಾಗದ ಬಗ್ಗೆ. ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಸಮುದ್ರದ ಮಧ್ಯೆ ನೇತ್ರಾಣಿ ದ್ವೀಪ ಇದೆ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಮಳೆ ಮುಗಿದ ಮೇಲೆ ಬೇಸಿಗೆವರೆಗೂ ಸೀಸನ್. ಇಲ್ಲಿ ಬಹಳ ಜನ ಮಾಡೋದು ಒಂದು ದಿನದ ಟ್ರೈ ಡೈವ್. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರ್ತಾರೆ, ಹೆಚ್ಚೆಂದರೆ 12 ಮೀಟರ್ ಆಳ. ನಿಜವಾಗಿ ಕಲಿಯಬೇಕು ಅಂದರೆ ಓಪನ್ ವಾಟರ್ ಕೋರ್ಸ್: ಪಾಠ, ಈಜುಕೊಳದ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಅದು ಮುಗಿದರೆ 18 ಮೀಟರ್‌ವರೆಗೆ ಹೋಗಬಹುದು. ಪಾಠ ಮತ್ತು ಈಜುಕೊಳದ ಭಾಗ ದೆಹಲಿ ಕಡೆಯೇ ಮುಗಿಸಿ, ಸಮುದ್ರದ ಭಾಗಕ್ಕೆ ಮಾತ್ರ ಕರಾವಳಿಗೆ ಹೋಗೋದೂ ಸಾಧ್ಯ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ನೀರೊಳಗೆ ಬೇಟೆಗಾರ ಮೀನುಗಳು ಇದ್ದೇ ಇರ್ತವೆ. ಜೊತೆಗೆ ಮಾಸ್ಕ್ ಹಾಕಿಕೊಂಡಾಗ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣುತ್ತೆ. ಬಂಡೆಯ ಸಂದಿಯಿಂದ ಮೊರೇ ಈಲ್, ಅಂದರೆ ಒಂದು ಜಾತಿ ಹಾವುಮೀನು, ನಮ್ಮನ್ನೇ ನೋಡ್ತಾ ಬಾಯಿ ತೆಗೆದು ಮುಚ್ಚಿ ಮಾಡ್ತಿದ್ದರೆ ಎದೆ ಝಲ್ ಅನ್ನುತ್ತೆ. ಪಾಪ, ಅದು ಉಸಿರಾಡ್ತಿರುತ್ತೆ ಅಷ್ಟೇ. ಕಿವಿರುಗಳಿಗೆ ನೀರು ಹರಿಸೋಕೆ ಅದು ಬಾಯಿ ಆಡಿಸಲೇಬೇಕು. ಕಚ್ಚೋದು ನಾವು ಸಂದಿಗೆ ಕೈ ಹಾಕಿದಾಗ. ಬ್ಯಾರಕುಡಾ ಕುತೂಹಲಕ್ಕೆ ಹಿಂದೆ ಬರಬಹುದು. ಹೊಳೆಯೋ ವಸ್ತು ಕಂಡರೆ ಮೀನು ಅಂದುಕೊಳ್ಳುತ್ತೆ, ಹಾಗಾಗಿ ಸರ, ಉಂಗುರ ರೂಮಲ್ಲೇ ಇರಲಿ. ಲಯನ್‌ಫಿಶ್‌ನ ಬೆನ್ನಿನ ಮುಳ್ಳಲ್ಲಿ ವಿಷ ಇದೆ, ಆದರೆ ಅದಾಗಿ ಬಂದು ಚುಚ್ಚಲ್ಲ.

ಶಾರ್ಕ್? ಕೆಣಕದೆ ಕಚ್ಚಿದ್ದು ಅಂತ ದೃಢಪಟ್ಟ ಪ್ರಕರಣಗಳು ಈಚಿನ ವರ್ಷಗಳಲ್ಲಿ ಇಡೀ ಪ್ರಪಂಚದಲ್ಲಿ ವರ್ಷಕ್ಕೆ 100ಕ್ಕಿಂತ ಕಡಿಮೆ. ಅದರಲ್ಲೂ ಹೆಚ್ಚಿನವರು ಸರ್ಫಿಂಗ್ ಮಾಡುವವರು, ಮೇಲೆ ಈಜುವವರು. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ತಿನ್ನೋದು ಸಣ್ಣ ಪ್ಲವಕ, ಚಿಕ್ಕ ಮೀನು. 2001ರಿಂದ ಅದಕ್ಕೆ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ. ಮುಟ್ಟಬೇಡಿ, ಅಟ್ಟಿಸಿಕೊಂಡು ಹೋಗಬೇಡಿ, ದಾರಿ ಬಿಡಿ. ನಿಯಮ ಇಷ್ಟೇ.

ಹಾಗಾದರೆ ಅಪಾಯ ಎಲ್ಲಿ? ಗಾಬರಿಯಲ್ಲಿ. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತೆ. 10 ಮೀಟರ್‌ನಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತೆ. ಮೀನು ನೋಡಿ ಬೆದರಿ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶಕ್ಕೇ ಪೆಟ್ಟು. ಅದಕ್ಕೇ ಮೊದಲ ಪಾಠ: ಉಸಿರು ಹಿಡಿಯಬೇಡಿ, ನಿಧಾನಕ್ಕೆ ಮೇಲೆ ಬನ್ನಿ.

ಎರಡನೆಯದು ನಮ್ಮ ಅವಸರ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿರುತ್ತೆ. ಅದು ಹೊರಗೆ ಹೋಗೋಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲೇ ವಿಮಾನ ಹತ್ತಿದಿರಿ ಅಂದುಕೊಳ್ಳಿ. ಕ್ಯಾಬಿನ್ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದಷ್ಟಕ್ಕೆ ಇಳಿಯಬಹುದು. ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ! ಮೈಯೊಳಗೇ ಗುಳ್ಳೆ ಏಳಬಹುದು. ಕೀಲುನೋವು, ಜೋಮು, ತಲೆಸುತ್ತು. ಹೆಚ್ಚಾದರೆ ಪಾರ್ಶ್ವವಾಯುವಿನವರೆಗೂ ಹೋಗುತ್ತೆ. ಅದಕ್ಕೇ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೇದು. ಬಸ್ಸಲ್ಲಿ ಬೆಂಗಳೂರಿಗೆ ಹೋಗ್ತೀನಿ ಅಂದ್ರೂ ನೆನಪಿರಲಿ: ಘಟ್ಟ ಹತ್ತಿದರೆ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ದೆಹಲಿಗೆ ಬಂದಮೇಲೆ ಇಂಥ ಲಕ್ಷಣ ಕಂಡರೆ, ಡಾಕ್ಟರಿಗೆ ಮೊದಲು "ನಾನು ಡೈವ್ ಮಾಡಿದ್ದೆ" ಅಂತ ಹೇಳಿ. ಆಮ್ಲಜನಕ, ಒತ್ತಡದ ಛೇಂಬರ್‌ನ ಚಿಕಿತ್ಸೆ ಬೇಕಾಗಬಹುದು.

ಮೂರನೆಯದು ಎನ್‌ಸಿಆರ್‌ನವರಿಗೇ ವಿಶೇಷ. ನೇತ್ರಾಣಿಯ ಸೀಸನ್ ಶುರುವಾಗೋ ಹೊತ್ತಿಗೇ ಇಲ್ಲಿ ಹೊಗೆಯ ಸೀಸನ್ನೂ ಶುರು. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗಲ್ಲ, ಕಿವಿತಮಟೆ ಹರಿಯಬಹುದು. ಮಾತ್ರೆ ನುಂಗಿ ಇಳಿಯೋದು ಇನ್ನೂ ಕೆಟ್ಟದ್ದು. ಅದರ ಪರಿಣಾಮ ನೀರೊಳಗೇ ಮುಗಿದರೆ ಮೇಲೆ ಬರೋದೇ ಕಷ್ಟ. ಅಸ್ತಮಾ ಇದ್ದವರು ಡಾಕ್ಟರ್ ಒಪ್ಪಿಗೆ ಇಲ್ಲದೆ ಇಳಿಯಲೇಬೇಡಿ. ಆರೋಗ್ಯದ ಫಾರ್ಮ್‌ನಲ್ಲಿ ಕಣ್ಮುಚ್ಚಿ 'ಇಲ್ಲ' ಅಂತ ಟಿಕ್ ಹಾಕಬೇಡಿ.

ನಾನು ಆ ಶನಿವಾರ ಮಾತ್ರ ಡೈವ್ ಮಾಡಿದೆ. ಭಾನುವಾರ ದೇವಸ್ಥಾನ, ಬೀಚು, ಮೀನೂಟ. ಮನಸ್ಸಿಗೆ ಸ್ವಲ್ಪ ಬೇಜಾರಾಯ್ತು, ನಿಜ. ನೀವು ಹೋಗೋದಾದರೆ ಒಂದು ದಿನ ಜಾಸ್ತಿ ರಜೆ ಹಾಕಿ, ಡೈವ್ ಮೊದಲು ಇಟ್ಟುಕೊಳ್ಳಿ, ಸುತ್ತಾಟ ಆಮೇಲೆ. ಅಮ್ಮ ಕೇಳಿದರೆ ಹೇಳಿ, "ಶಾರ್ಕ್ ಏನೂ ಮಾಡಲ್ಲಮ್ಮ, ಮಂಗಳವಾರ ಬರ್ತೀನಿ" ಅಂತ. ಮತ್ತೆ ಸಿಗೋಣ.