ಹಗಲು ಕೂಲಿ, ಸಂಜೆ ಪಾಠ: ವೈರಿಂಗ್ ಕಲಿಯುವವರು ತಿಳಿಯಬೇಕಾದ ಸಂಗತಿಗಳು

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಬೆಂಗಳೂರಿನ ಉತ್ತರ ಭಾಗದ ಚಹರೆಯೇ ಬದಲಾಯಿತು. ಹೆಬ್ಬಾಳದಿಂದ ಯಲಹಂಕದವರೆಗೆ, ಅಲ್ಲಿಂದ ಆಚೆಗೂ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಬಹುಮಹಡಿ ಕಟ್ಟಡಗಳು ತಲೆಯೆತ್ತಿವೆ, ಏಳುತ್ತಲೇ ಇವೆ. ಈ ಕಟ್ಟಡಗಳ ಗೋಡೆಯೊಳಗೆ ಪೈಪು ಹುದುಗಿಸಿ, ತಂತಿ ಎಳೆದು, ಸ್ವಿಚ್ ಬೋರ್ಡು ಕೂರಿಸುವವರಲ್ಲಿ ಅನೇಕರು ದಾಖಲೆಯಲ್ಲಿ ಇಂದಿಗೂ ಕೇವಲ ‘ಹೆಲ್ಪರ್’ಗಳು. ಐದಾರು ವರ್ಷ ಕೆಲಸ ಮಾಡಿ ಕೈ ಪಳಗಿದ್ದರೂ ಅವರಿಗೆ ಎಲೆಕ್ಟ್ರೀಷಿಯನ್‌ನ ಕೂಲಿಯೂ ಇಲ್ಲ, ಆ ಹೆಸರೂ ಇಲ್ಲ.

ಇದಕ್ಕೆ ರೂಢಿಯ ಪರಿಹಾರವೆಂದರೆ ಐ.ಟಿ.ಐ. ಶಿಕ್ಷಣ. ಆದರೆ ಎಲೆಕ್ಟ್ರೀಷಿಯನ್ ಮತ್ತು ವೈರ್‌ಮನ್ ವೃತ್ತಿಗಳೆರಡಕ್ಕೂ ಅಲ್ಲಿನ ಅವಧಿ ಎರಡು ವರ್ಷ. ಶಾಲೆ ಮುಗಿಸಿ ಬಂದ ಹುಡುಗನಿಗೆ ಅದು ಸರಿ. ಹೆಂಡತಿ ಮಕ್ಕಳಿರುವ, ದಿನಗೂಲಿಯಿಂದಲೇ ಮನೆ ಬಾಡಿಗೆ ಕಟ್ಟುವ ಮೂವತ್ತರ ಹರೆಯದವನು ಎರಡು ವರ್ಷ ದುಡಿಮೆ ಬಿಟ್ಟು ತರಗತಿಯಲ್ಲಿ ಕೂರಲಾರ. ಆದ್ದರಿಂದಲೇ ಸಂಜೆ ಇಲ್ಲವೇ ಭಾನುವಾರ ನಡೆಯುವ ಅರೆಕಾಲಿಕ ತರಬೇತಿಗೆ ಬೇಡಿಕೆಯಿದೆ. ಅಂತಹ ತರಬೇತಿಗೆ ಹಣ ಮತ್ತು ಸಮಯ ವ್ಯಯಿಸುವ ಮುನ್ನ ಒಂದು ವ್ಯತ್ಯಾಸವನ್ನು ಮನಗಾಣಬೇಕು: ತರಬೇತಿಯ ಪ್ರಮಾಣಪತ್ರ ಬೇರೆ, ಕೆಲಸ ಮಾಡುವ ಪರವಾನಗಿ ಬೇರೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ್ದ ಸುರಕ್ಷತಾ ನಿಯಮಾವಳಿಯ ಜಾಗಕ್ಕೆ 2023ರಲ್ಲಿ ಹೊಸ ನಿಯಮಾವಳಿ ಬಂದಿದೆ. ಎರಡರ ತಿರುಳೂ ಒಂದೇ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂತಹ ಸಣ್ಣಪುಟ್ಟ ಕೆಲಸಗಳನ್ನು ಬಿಟ್ಟರೆ, ಕಟ್ಟಡದ ವಿದ್ಯುತ್ ಕಾಮಗಾರಿಯನ್ನು ಸರಕಾರದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ ನಿರ್ವಹಿಸಬೇಕು. ಅರ್ಹತೆಯುಳ್ಳ ಮೇಲ್ವಿಚಾರಕ ಅದನ್ನು ನೋಡಿಕೊಳ್ಳಬೇಕು. ಕೆಲಸ ಮಾಡುವ ವೈರ್‌ಮನ್ ಬಳಿ ಪರವಾನಗಿ ಇರಬೇಕು. ಕರ್ನಾಟಕದಲ್ಲಿ ಈ ವ್ಯವಸ್ಥೆಯ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು.

ಆರ್.ಟಿ. ನಗರದಲ್ಲಿಯೋ ಯಶವಂತಪುರದಲ್ಲಿಯೋ ಮೂರು ತಿಂಗಳ ಸಂಜೆ ತರಗತಿ ಮುಗಿಸಿದವನಿಗೆ ಸಂಸ್ಥೆಯೊಂದು ಚೆಂದದ ಪ್ರಮಾಣಪತ್ರ ಕೊಡಬಹುದು. ಅದರಿಂದ ಕಲಿಕೆಗೆ ಸಾಕ್ಷಿ ದೊರೆಯುತ್ತದೆಯೇ ಹೊರತು ಪರವಾನಗಿ ದೊರೆಯುವುದಿಲ್ಲ. ‘ಈ ಕೋರ್ಸ್ ಮುಗಿಸಿದರೆ ನೇರವಾಗಿ ಲೈಸೆನ್ಸ್’ ಎಂಬ ಮಾತು ಕೇಳಿಬಂದರೆ, ಶುಲ್ಕ ಕಟ್ಟುವ ಮೊದಲು ಪರಿವೀಕ್ಷಣಾಲಯದಲ್ಲಿಯೇ ವಿಚಾರಿಸುವುದು ಒಳಿತು. ವೈರ್‌ಮನ್ ಪರವಾನಗಿಗೆ ಎಷ್ಟು ಓದಿರಬೇಕು, ಎಷ್ಟು ವರ್ಷದ ಅನುಭವ ತೋರಿಸಬೇಕು, ಆ ಅನುಭವಕ್ಕೆ ಯಾರು ಸಹಿ ಹಾಕಬೇಕು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಪಡೆಯಬೇಕು.

ಇರುವ ದಾರಿಗಳು

ಮೊದಲನೆಯದು ಜನ ಶಿಕ್ಷಣ ಸಂಸ್ಥಾನಗಳ ದಾರಿ. 1967ರಲ್ಲಿ ಮುಂಬೈಯಲ್ಲಿ ಶ್ರಮಿಕ ವಿದ್ಯಾಪೀಠವೆಂಬ ಹೆಸರಿನಲ್ಲಿ ದುಡಿಯುವ ವಯಸ್ಕರಿಗಾಗಿಯೇ ಹುಟ್ಟಿದ ಈ ಯೋಜನೆ 2018ರಲ್ಲಿ ಕೇಂದ್ರದ ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಸೇರಿತು. ಅಕ್ಷರ ಕಲಿಯದವರು, ಅರ್ಧಕ್ಕೆ ಶಾಲೆ ಬಿಟ್ಟವರು ಇದರ ಮುಖ್ಯ ಫಲಾನುಭವಿಗಳು. ಸಾಮಾನ್ಯ ವಯೋಮಿತಿ 15ರಿಂದ 45 ವರ್ಷ.

ಎರಡನೆಯದು ಪೂರ್ವಕಲಿಕೆಯ ಮಾನ್ಯತೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಈ ವಿಭಾಗದಲ್ಲಿ, ಕೆಲಸ ಮಾಡುತ್ತಲೇ ಕಲಿತವನಿಗೆ ಮೊದಲಿನಿಂದ ಪಾಠ ಹೇಳುವುದಿಲ್ಲ. ಅವನಿಗೆ ಏನು ಬರುತ್ತದೆ ಎಂಬುದನ್ನು ಪರೀಕ್ಷಿಸಿ, ಕೊರತೆಯಿರುವಲ್ಲಿ ಅಲ್ಪಾವಧಿಯ ತರಬೇತಿ ಕೊಟ್ಟು ಪ್ರಮಾಣೀಕರಿಸಲಾಗುತ್ತದೆ.

ಮೂರನೆಯದು, ಅನುಭವವುಳ್ಳ ಕೆಲಸಗಾರರು ಕೆಲವು ಷರತ್ತುಗಳಿಗೆ ಒಳಪಟ್ಟು ಖಾಸಗಿ ಅಭ್ಯರ್ಥಿಗಳಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕೂರುವ ಅವಕಾಶ. ಇದರ ವಿವರ ಹತ್ತಿರದ ಸರಕಾರಿ ಐ.ಟಿ.ಐ.ಯಲ್ಲಿ ಸಿಗುತ್ತದೆ.

1982ರಲ್ಲಿ ಉಜಿರೆಯಲ್ಲಿ ಆರಂಭವಾಗಿ, ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲೂ ಕೇಂದ್ರ ಹೊಂದಿರುವ ರುಡ್‌ಸೆಟ್‌ನಂತಹ ಸಂಸ್ಥೆಗಳ ಹೆಸರೂ ಇಲ್ಲಿ ಕೇಳಿಬರುತ್ತದೆ. ಊಟ, ವಸತಿ ಸಹಿತ ಉಚಿತ ತರಬೇತಿ ಅವುಗಳ ವೈಶಿಷ್ಟ್ಯ. ಆದರೆ ಅವು ಮುಖ್ಯವಾಗಿ ಗ್ರಾಮೀಣ ಯುವಜನರ ಸ್ವಯಂ ಉದ್ಯೋಗಕ್ಕೆ ಮೀಸಲಾದವು. ಅಲ್ಲಿಯೇ ಉಳಿದು ಕಲಿಯಬೇಕಾದ್ದರಿಂದ ಅಷ್ಟು ದಿನಗಳ ಕೂಲಿ ತಪ್ಪುತ್ತದೆ.

ಏನನ್ನು ಕಲಿಸಬೇಕು?

ಒಳ್ಳೆಯ ತರಬೇತಿಯನ್ನು ಗುರುತಿಸುವುದು ಕಷ್ಟವಲ್ಲ. ‘ಹೇಗೆ’ ಎಂಬುದು ಹೆಲ್ಪರ್‌ಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ್ದು ‘ಏಕೆ’ ಎಂಬುದು. ಉದಾಹರಣೆಗೆ, 2000 ವಾಟ್‌ನ ಗೀಸರನ್ನು 230 ವೋಲ್ಟಿನಲ್ಲಿ ಉರಿಸಿದರೆ ಅದು ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಈ ಒಂದು ಭಾಗಾಕಾರ ಬಲ್ಲವನು ಅದನ್ನು 6 ಆಂಪಿಯರ್‌ನ ಸಾಕೆಟ್ಟಿಗೆ ಎಂದೂ ಜೋಡಿಸಲಾರ. ತಿಳಿಯದವನು ಜೋಡಿಸಿ ಹೋದರೆ ಸಾಕೆಟ್ಟು ಕಾದು ಕರಗುತ್ತದೆ, ಬೆಂಕಿಗೂ ಕಾರಣವಾಗಬಹುದು.

ಇನ್ನೊಂದು ಉದಾಹರಣೆ ಸುರಕ್ಷಾ ಸಾಧನಗಳದು. ಎಂ.ಸಿ.ಬಿ. ಕಾಪಾಡುವುದು ತಂತಿಯನ್ನು, ಆರ್.ಸಿ.ಸಿ.ಬಿ. ಕಾಪಾಡುವುದು ಮನುಷ್ಯನನ್ನು. 6 ಆಂಪಿಯರ್‌ನ ಎಂ.ಸಿ.ಬಿ. ಕೆಳಗೆ ಬೀಳಲು ಅದಕ್ಕಿಂತ ಹೆಚ್ಚು ವಿದ್ಯುತ್ ಹರಿಯಬೇಕು. ಮನೆಗಳಲ್ಲಿ ಬಳಸುವ ಆರ್.ಸಿ.ಸಿ.ಬಿ. 30 ಮಿಲಿ ಆಂಪಿಯರ್, ಅಂದರೆ ಅದರ ಇನ್ನೂರರಲ್ಲಿ ಒಂದು ಪಾಲು ಸೋರಿದರೂ ಸಂಪರ್ಕ ಕಡಿಯುತ್ತದೆ. ಮನುಷ್ಯನ ಜೀವ ತೆಗೆಯಲು ಆಂಪಿಯರ್‌ನ ಸಣ್ಣದೊಂದು ಅಂಶ ಸಾಕು, ಅಷ್ಟಕ್ಕೆ ಎಂ.ಸಿ.ಬಿ. ಅಲುಗುವುದೂ ಇಲ್ಲ. ಅರ್ಥಿಂಗ್ ಸರಿಯಾಗಿದೆಯೇ ಎಂದು ಅಳೆಯುವುದು, ಮೆಗ್ಗರ್‌ನಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸುವುದು, ಸರಬರಾಜು ನಿಲ್ಲಿಸಿ ಬೀಗ ಹಾಕಿದ ಮೇಲಷ್ಟೇ ತಂತಿ ಮುಟ್ಟುವುದು — ಇವನ್ನು ಕೈಯಿಂದ ಮಾಡಿಸದೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವ ಕಡೆ ಶುಲ್ಕ ಕಟ್ಟುವುದು ವ್ಯರ್ಥ.

ಸಮಯದ ಲೆಕ್ಕ

ವಾರದಲ್ಲಿ ಐದು ಸಂಜೆ, ದಿನಕ್ಕೆ ಎರಡು ಗಂಟೆಯಂತೆ ಕಲಿತರೆ 300 ಗಂಟೆಗಳ ತರಬೇತಿಗೆ 30 ವಾರ ಬೇಕು, ಅಂದರೆ ಸುಮಾರು ಏಳು ತಿಂಗಳು. ಹದಿನೈದು ದಿನಗಳಲ್ಲಿ ಎಲ್ಲವನ್ನೂ ಕಲಿಸುವ ಭರವಸೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ದೂರವೂ ಮುಖ್ಯ. ಯಲಹಂಕದಲ್ಲಿ ಆರು ಗಂಟೆಗೆ ಕೆಲಸ ಬಿಟ್ಟವನು ಹೆಬ್ಬಾಳದ ವಾಹನ ದಟ್ಟಣೆ ದಾಟಿ ಯಶವಂತಪುರದ ಏಳು ಗಂಟೆಯ ತರಗತಿಯನ್ನು ಪ್ರತಿದಿನ ಮುಟ್ಟುವುದು ಸುಲಭವಲ್ಲ. ಕೆಲಸದ ಸ್ಥಳಕ್ಕೆ ಅಥವಾ ಮನೆಗೆ ಸಮೀಪದ ತರಗತಿಯನ್ನೇ ಆರಿಸಿಕೊಳ್ಳುವುದು ಜಾಣತನ.

ತರಬೇತಿಯ ಜೊತೆಜೊತೆಗೇ ಆಗಬೇಕಾದ ಎರಡು ಕೆಲಸಗಳಿವೆ. ಒಂದು, ಲೈಸೆನ್ಸ್ ಹೊಂದಿದ ಗುತ್ತಿಗೆದಾರರ ಕೈಕೆಳಗೆ ಕೆಲಸ ಹಿಡಿದು ಅನುಭವವನ್ನು ಲಿಖಿತವಾಗಿ ದಾಖಲಿಸಿಕೊಳ್ಳುವುದು. ಬಾಯಿಮಾತಿನ ಮೇಸ್ತ್ರಿಯ ಬಳಿ ಕಳೆದ ಹತ್ತು ವರ್ಷ ಅರ್ಜಿಯಲ್ಲಿ ಲೆಕ್ಕಕ್ಕೆ ಬಾರದೇ ಹೋಗಬಹುದು. ಇನ್ನೊಂದು, 2007ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ಇದಕ್ಕೆ ಅರ್ಹರು. ವಿದ್ಯುತ್ ಕೆಲಸದವರೂ ಇದರಲ್ಲಿ ಸೇರುತ್ತಾರೆ.

ಗೋಡೆಗೆ ಗಾರೆ ಬಿದ್ದ ಮೇಲೆ ಒಳಗಿನ ತಂತಿ ಯಾರ ಕಣ್ಣಿಗೂ ಕಾಣದು. ಮುಂದೆ ಆ ಮನೆಯಲ್ಲಿ ವಾಸಿಸುವವರ ಕ್ಷೇಮ, ತಂತಿ ಎಳೆದವನ ತಿಳಿವಳಿಕೆಯನ್ನೇ ನೆಚ್ಚಿಕೊಂಡಿರುತ್ತದೆ. ಅವನು ಪರವಾನಗಿ ಪಡೆದರೆ ಅವನ ಕೂಲಿ ಹೆಚ್ಚಲು ದಾರಿಯಾಗುತ್ತದೆ, ಆ ಮನೆಯವರ ನಿದ್ದೆಗೂ ಧೈರ್ಯ ದೊರೆಯುತ್ತದೆ.