ಸೈಕಲ್ಲಿಗೊಂದು ದಾರಿ

ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿಗೆ ಸೇರಿದ ಕುಪ್ಪೇಲೂರಿನಂತಹ ಹಳ್ಳಿಗಳಲ್ಲಿ ಸೈಕಲ್ಲು ವಿನೋದದ ವಸ್ತುವಲ್ಲ. ಅದು ಮನೆಮಂದಿಯೊಡನೆ ದುಡಿಯುವ ಸಾಧನ. ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ಗಿರಣಿಗೆ ಹೋಗುವ ಜೋಳದ ಚೀಲ, ಶಾಲೆಗೆ ಹೊರಟ ತಂಗಿ, ಇವೆಲ್ಲವನ್ನೂ ಅದರ ಕ್ಯಾರಿಯರ್ ಹೊತ್ತಿದೆ. ಹಳ್ಳಿಯ ಓಣಿಗಳಲ್ಲಿ ಸೈಕಲ್ಲಿಗೆಂದು ಪ್ರತ್ಯೇಕವಾದ ಪಥವಿಲ್ಲ. ಚಕ್ಕಡಿ, ಕುರಿಯ ಹಿಂಡು, ತಲೆಯ ಮೇಲೆ ಬುಟ್ಟಿ ಹೊತ್ತವರು ಎಲ್ಲರೂ ಒಂದೇ ದಾರಿಯಲ್ಲಿ ಸಾಗುತ್ತಾರೆ. ಆದರೂ ಅಲ್ಲಿ ಸವಾರನಿಗೆ ಭಯವಿಲ್ಲ. ಅದೇ ಸವಾರನು ಪಟ್ಟಣದ ಮುಖ್ಯರಸ್ತೆಯನ್ನು ಸೇರಿದೊಡನೆ ಅಳುಕತೊಡಗುತ್ತಾನೆ. ಸೈಕಲ್ಲೂ ಬದಲಾಗಲಿಲ್ಲ, ಸವಾರನೂ ಬದಲಾಗಲಿಲ್ಲ. ಬದಲಾದದ್ದು ಅವನ ಸುತ್ತಲಿನ ವೇಗ.

ಸೈಕಲ್ಲಿನ ಸಾಮಾನ್ಯ ವೇಗ ಗಂಟೆಗೆ ಸುಮಾರು 15 ಕಿಲೋಮೀಟರು. ಬಂಡಿಯಾಗಲಿ ಪಾದಚಾರಿಯಾಗಲಿ ಇದಕ್ಕಿಂತ ವೇಗವಾಗಿ ಚಲಿಸುವುದಿಲ್ಲ. ಲಾರಿ, ಬಸ್ಸು, ಮೋಟಾರು ಬೈಕುಗಳಾದರೋ ಇದರ ಮೂರು ನಾಲ್ಕು ಪಟ್ಟು ವೇಗದಲ್ಲಿ ಧಾವಿಸುತ್ತವೆ. ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂಬುದು ಭೌತಶಾಸ್ತ್ರದ ನಿಯಮ. ವೇಗವು 30 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಹೊಡೆತದ ಶಕ್ತಿಯು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಬ್ರೇಕು ಹಾಕಿದ ಮೇಲೆ ವಾಹನವು ನಿಲ್ಲಲು ಬೇಕಾದ ದೂರವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಆದುದರಿಂದಲೇ 2020ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಸೇರಿದ ವಿವಿಧ ರಾಷ್ಟ್ರಗಳ ಸಚಿವರ ಸಮ್ಮೇಳನವು, ಪಾದಚಾರಿಗಳೂ ಸೈಕಲ್ ಸವಾರರೂ ವಾಹನಗಳೊಡನೆ ಬೆರೆಯುವ ಬೀದಿಗಳಲ್ಲಿ 30 ಕಿಲೋಮೀಟರಿನ ಮಿತಿಯಿರಬೇಕೆಂದು ಘೋಷಿಸಿತು. ವೇಗವನ್ನು ಹೀಗೆ ತಗ್ಗಿಸಬೇಕು. ತಗ್ಗಿಸಲಾಗದ ಕಡೆ ಸೈಕಲ್ಲಿಗೆ ಬೇರೆ ದಾರಿ ಕೊಡಬೇಕು. ಮೂರನೆಯ ಉಪಾಯವಿಲ್ಲ.

ಈ ವಿಚಾರವು ಬಹುಕಾಲ ಯಾರಿಗೂ ತೋರಲಿಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಚಕ್ರಗಳ ಓಟಗಾಡಿಯನ್ನು ರಚಿಸಿದನು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ಇಂದಿನ ರೂಪದ ಸೈಕಲ್ಲನ್ನು ಮಾರುಕಟ್ಟೆಗೆ ತಂದನು. 1888ರಲ್ಲಿ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟೈರನ್ನು ಒದಗಿಸಿದನು. ಸೈಕಲ್ಲು ನಮ್ಮ ನಾಡಿಗೆ ಬಂದ ಮೇಲೆ ಅನೇಕ ಪುರಸಭೆಗಳು ಅದರ ಮೇಲೆ ತೆರಿಗೆ ವಿಧಿಸಿ, ತೆರಿಗೆ ಕೊಟ್ಟ ಗುರುತಿಗಾಗಿ ಲೋಹದ ಬಿಲ್ಲೆಯನ್ನು ಕಟ್ಟಿಸುತ್ತಿದ್ದವು. ರಾತ್ರಿ ದೀಪವಿಲ್ಲದೆ ಹೋದರೆ ದಂಡ, ಇಬ್ಬರು ಕುಳಿತರೆ ದಂಡ. ಇವುಗಳಲ್ಲಿ ದೀಪದ ನಿಯಮವು ನಿಜಕ್ಕೂ ಒಳ್ಳೆಯದು. ಆದರೆ ಸವಾರನಿಂದ ಇಷ್ಟೆಲ್ಲವನ್ನು ಅಪೇಕ್ಷಿಸಿದವರು ಅವನ ರಸ್ತೆಯಿಂದ ಏನನ್ನೂ ಅಪೇಕ್ಷಿಸಲಿಲ್ಲ.

ನಿಯಮವೇ ಇರಲಿಲ್ಲವೆಂದು ಮಾತ್ರ ಹೇಳುವಂತಿಲ್ಲ. 1934ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ (ಇದು ರಾಜಕೀಯ ಪಕ್ಷವಲ್ಲ, ರಸ್ತೆ ಎಂಜಿನಿಯರುಗಳ ಸಂಸ್ಥೆ) 1962ರಲ್ಲಿಯೇ ಸೈಕಲ್ ಪಥಗಳ ರಚನೆಯ ವಿಧಾನವನ್ನು ಪ್ರಕಟಿಸಿತು. ದಟ್ಟಣೆಯ ಒಂದು ಗಂಟೆಯಲ್ಲಿ 400 ಸೈಕಲ್ಲುಗಳೂ 100ರಿಂದ 200 ಮೋಟಾರು ವಾಹನಗಳೂ ಸಾಗುವ ರಸ್ತೆಗೆ ಪ್ರತ್ಯೇಕ ಪಥವಿರಬೇಕು. ಮೋಟಾರುಗಳು 200ನ್ನು ಮೀರಿದರೆ ಕೇವಲ 100 ಸೈಕಲ್ಲುಗಳಿದ್ದರೂ ಪಥವು ಅವಶ್ಯಕ. ಅದರ ಅಗಲವು 2 ಮೀಟರಿಗಿಂತ ಕಡಿಮೆಯಿರಬಾರದು. ಈ ಅಳತೆಗೆ ಸರಳವಾದ ಕಾರಣವಿದೆ. ಸೈಕಲ್ಲು ಗೆರೆ ಎಳೆದಂತೆ ಚಲಿಸುವುದಿಲ್ಲ. ಪೆಡಲು ತುಳಿಯುವಾಗ ಅದು ಎಡಕ್ಕೂ ಬಲಕ್ಕೂ ತುಸು ಓಲಾಡುತ್ತದೆ. ಹೀಗಾಗಿ ಒಬ್ಬ ಸವಾರನಿಗೆ ಸುಮಾರು 1 ಮೀಟರಿನ ಹರವು ಬೇಕು. ಒಬ್ಬರು ಇನ್ನೊಬ್ಬರನ್ನು ದಾಟಬೇಕಾದರೆ ಅದರ ಎರಡರಷ್ಟು ಬೇಕು. ನಮ್ಮ ಎಷ್ಟು ಪಟ್ಟಣಗಳಲ್ಲಿ ಈ ನಿಯಮವು ರಸ್ತೆಗೆ ಇಳಿದಿದೆ ಎಂಬುದನ್ನು ಕಣ್ಣಿದ್ದವರು ನೋಡಿ ತಿಳಿಯಬಹುದು.

ಇಳಿಸಲು ಯತ್ನಿಸಿದ ಕಡೆ ಏನಾಯಿತು? ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಪಥಗಳನ್ನು ಗುರುತಿಸಲಾಯಿತು. ಸ್ವಲ್ಪ ಕಾಲದಲ್ಲಿಯೇ ಅವುಗಳ ಮೇಲೆ ಕಾರುಗಳು ಬಂದು ನಿಂತವು. 2020ರಲ್ಲಿ ಅದೇ ನಗರದ ಹೊರವರ್ತುಲ ರಸ್ತೆಯಲ್ಲಿ ಸಣ್ಣ ಕಂಬಗಳನ್ನು ನೆಟ್ಟು ಪಥವನ್ನು ಬೇರ್ಪಡಿಸಿದರು. ಬೈಕುಗಳು ಒಳನುಗ್ಗಿದವು, ಕಂಬಗಳು ಮುರಿದವು; ಬಳಿಕ ಮೆಟ್ರೋ ರೈಲಿನ ಕಾಮಗಾರಿ ಬಂದು ಪಥವೇ ಮರೆಯಾಯಿತು. ಬಣ್ಣದ ಗೆರೆಯು ಚಕ್ರವನ್ನು ತಡೆಯಲಾರದು. ಪಥವು ರಸ್ತೆಗಿಂತ ಒಂದು ಮೆಟ್ಟಿಲು ಎತ್ತರದಲ್ಲಿರಬೇಕು, ಇಲ್ಲವೇ ನಡುವೆ ಗಟ್ಟಿಯಾದ ಕಟ್ಟೆಯಿರಬೇಕು.

ಅಪಾಯವು ಅಡಗಿರುವುದು ನೇರವಾದ ರಸ್ತೆಯಲ್ಲಿ ಮಾತ್ರವಲ್ಲ, ಕೂಡುರಸ್ತೆಯಲ್ಲಿಯೂ ದೊಡ್ಡ ಅಪಾಯವಿದೆ. ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುತ್ತವೆ. ಸೈಕಲ್ಲು ಎಲ್ಲಕ್ಕಿಂತ ಎಡದ ಅಂಚಿನಲ್ಲಿರುತ್ತದೆ. ಅದರ ಪಕ್ಕದಲ್ಲಿದ್ದ ಲಾರಿಯು ಎಡಕ್ಕೆ ತಿರುಗಿದಾಗ ಹಿಂದಿನ ಚಕ್ರಗಳು ಮುಂದಿನವುಗಳ ಜಾಡನ್ನು ಅನುಸರಿಸುವುದಿಲ್ಲ. ಮೂಲೆಯನ್ನು ಕತ್ತರಿಸಿಕೊಂಡು ಒಳಕ್ಕೆ ಸರಿಯುತ್ತವೆ. ಎತ್ತರದಲ್ಲಿ ಬಲಕ್ಕೆ ಕುಳಿತ ಚಾಲಕನಿಗೆ ಎಡಗಡೆಯ ಸೈಕಲ್ಲು ಕಾಣುವುದೂ ಇಲ್ಲ. ಸವಾರನು ಎಷ್ಟೇ ಜಾಗರೂಕನಾಗಿದ್ದರೂ ಆ ಕ್ಷಣದಲ್ಲಿ ಅವನಿಗೆ ಸರಿಯಲು ಸ್ಥಳವಿರುವುದಿಲ್ಲ. ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಸಿಗ್ನಲ್ಲಿನಲ್ಲಿ ಸೈಕಲ್ಲುಗಳು ನಿಲ್ಲುವ ಗೆರೆಯನ್ನು ಲಾರಿಗಳ ಗೆರೆಗಿಂತ ಕೆಲವು ಮೀಟರು ಮುಂದಕ್ಕೆ ಹಾಕಿದರೆ ಸವಾರರು ಚಾಲಕನ ಕಣ್ಣೆದುರಿಗೇ ಇರುತ್ತಾರೆ. ಮೂಲೆಯ ತಿರುವನ್ನು ಇಕ್ಕಟ್ಟಾಗಿ ಕಟ್ಟಿದರೆ ಯಾವ ವಾಹನವೂ ವೇಗವಾಗಿ ತಿರುಗಲಾರದು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಯ ಸಲಾಕೆಗಳು ರಸ್ತೆಯ ದಿಕ್ಕಿಗೆ ಅಡ್ಡಲಾಗಿರಬೇಕೆಂಬುದೂ ಅಲ್ಪ ಸಂಗತಿಯಲ್ಲ. ಉದ್ದುದ್ದಲಾಗಿದ್ದರೆ ಸೈಕಲ್ಲಿನ ತೆಳುವಾದ ಚಕ್ರವು ಸಂದಿಗೆ ಸಿಕ್ಕಿ ಸವಾರನು ತಲೆಕೆಳಗಾಗುತ್ತಾನೆ.

ಸೈಕಲ್ಲುಗಳ ನಾಡೆಂದು ಹೆಸರಾದ ನೆದರ್‌ಲ್ಯಾಂಡ್ಸ್ ಹುಟ್ಟಿನಿಂದಲೇ ಹಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಅಲ್ಲಿಯೂ ಕಾರುಗಳು ಬೀದಿಗಳನ್ನು ಆಕ್ರಮಿಸಿದವು. 1971ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಮೃತರಾದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತನ ಬರಹದಿಂದ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬ ಚಳವಳಿಯೇ ಹುಟ್ಟಿತು. ತಾಯಿತಂದೆಯರು ಬೀದಿಗೆ ಬಂದರು. 1973ರ ತೈಲದ ಅಭಾವವೂ ಅವರ ಮಾತಿಗೆ ಬಲವನ್ನು ಕೊಟ್ಟಿತು. 1977ರಲ್ಲಿ ಗ್ರೋನಿಂಗೆನ್ ನಗರವು, ಕಾರುಗಳು ನಗರದ ನಡುಭಾಗವನ್ನು ನೇರವಾಗಿ ಹಾದುಹೋಗಲಾರದಂತೆ ತನ್ನ ಸಂಚಾರವನ್ನೇ ಬದಲಿಸಿತು. ಕಾರು ಸುತ್ತಿ ಹೋಗಬೇಕು, ಸೈಕಲ್ಲು ನೆಟ್ಟಗೆ ಹೋಗಬಹುದು. ವ್ಯಾಪಾರಿಗಳು ಮೊದಲು ಬಹಳವಾಗಿ ವಿರೋಧಿಸಿದರು. ಆದರೂ ಆ ವ್ಯವಸ್ಥೆಯು ನಿಂತಿತು.

ಕರ್ನಾಟಕದಲ್ಲಿಯೂ ಸೈಕಲ್ಲುಗಳನ್ನು ಹಂಚುವ ಕಾರ್ಯವು ಉದಾರವಾಗಿಯೇ ನಡೆದಿದೆ. 2006–07ರಲ್ಲಿ 8ನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ಲುಗಳನ್ನು ನೀಡುವ ಯೋಜನೆಯು ಆರಂಭವಾಗಿ ಹಲವು ವರ್ಷ ನಡೆಯಿತು. ದೂರದ ಪ್ರೌಢಶಾಲೆಗೆ ನಡೆಯಲಾರದೆ ಓದು ಬಿಡುತ್ತಿದ್ದ ಹಳ್ಳಿಯ ಹುಡುಗಿಯರಿಗೆ ಇದರಿಂದ ಆದ ಉಪಕಾರವು ದೊಡ್ಡದು. 2017ರ ಜೂನ್ ತಿಂಗಳಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ 450 ಸೈಕಲ್ಲುಗಳನ್ನು ಸಾರ್ವಜನಿಕರಿಗೆ ಬಾಡಿಗೆಗೆ ಒದಗಿಸಲಾಯಿತು. ಒಂದು ನಿಲ್ದಾಣದಲ್ಲಿ ಪಡೆದು ಬೇರೊಂದರಲ್ಲಿ ಬಿಡುವ ಈ ಅನುಕೂಲವು ಪ್ರವಾಸಿಗರಿಗೂ ಊರಿನವರಿಗೂ ಹಿಡಿಸಿತು. ಆದರೆ ಸೈಕಲ್ಲನ್ನು ಕೊಟ್ಟಷ್ಟು ಸುಲಭವಾಗಿ ಅದಕ್ಕೆ ದಾರಿಯನ್ನು ಕೊಡಲಾಗಲಿಲ್ಲ. ಸೈಕಲ್ಲನ್ನು ಹಣದಿಂದ ಕೊಳ್ಳಬಹುದು. ದಾರಿಯನ್ನು ಇನ್ನೊಬ್ಬರ ಪಾಲಿನಿಂದ ಬಿಡಿಸಿ ಕೊಡಬೇಕಾಗುತ್ತದೆ.

ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯಲ್ಲಿ ಮುಖ್ಯರಸ್ತೆಯನ್ನು ಅಗಲಗೊಳಿಸುವ ಬಗ್ಗೆ ಹಲವು ವರ್ಷ ವಾದವಿವಾದಗಳೂ ಹೋರಾಟಗಳೂ ನಡೆದಿವೆ. ರಸ್ತೆಯು ಎಷ್ಟು ಅಗಲವಾಗಬೇಕೆಂಬ ಪ್ರಶ್ನೆಯ ಜೊತೆಗೆ, ಅಗಲವಾದ ರಸ್ತೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆಯೂ ಇದೆ. ಪಾಲು ಮಾಡದೆ ಅಗಲಗೊಳಿಸಿದರೆ ಲಾರಿಗಳ ವೇಗವು ಹೆಚ್ಚುತ್ತದೆ, ಸೈಕಲ್ಲು ಮೊದಲಿಗಿಂತಲೂ ಅಂಚಿಗೆ ಸರಿಯುತ್ತದೆ.

ಪಾಲನ್ನು ಕೇಳುವವರ ಕೈಯಲ್ಲಿ ಲೆಕ್ಕವಿರಬೇಕು. ಶಾಲೆ ಬಿಡುವ ಹೊತ್ತಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂಡುರಸ್ತೆಯ ಸುರಕ್ಷಿತವಾದ ಕಟ್ಟೆಯೊಂದರ ಮೇಲೆ ಒಂದು ಗಂಟೆ ಕುಳಿತು ಸೈಕಲ್ಲುಗಳನ್ನೂ ಮೋಟಾರು ವಾಹನಗಳನ್ನೂ ಎಣಿಸಿ, 1962ರ ಅಂಕಿಗಳೊಡನೆ ಹೋಲಿಸಿ, ಆ ಹಾಳೆಯನ್ನು ರಾಣೇಬೆನ್ನೂರಿನ ನಗರಸಭೆಗಾಗಲಿ ಬ್ಯಾಡಗಿಯ ಪುರಸಭೆಗಾಗಲಿ ಸಲ್ಲಿಸಬಹುದು. ಎಣಿಕೆಯಲ್ಲಿ ಒಂದು ಕೊರತೆಯುಂಟು: ರಸ್ತೆಗೆ ಹೆದರಿ ಸೈಕಲ್ಲನ್ನು ಮನೆಯಲ್ಲಿಯೇ ಬಿಟ್ಟವರು ಅದರಲ್ಲಿ ಸಿಗುವುದಿಲ್ಲ. ಆದುದರಿಂದ ಮನೆಯಲ್ಲಿ ಸೈಕಲ್ಲಿದ್ದೂ ಅದನ್ನು ತಾರದವರು ಎಷ್ಟು ಮಂದಿ, ಯಾವ ತಿರುವಿಗೆ ಹೆದರಿ ತಾರದವರು ಎಷ್ಟು ಮಂದಿ ಎಂಬುದನ್ನು ತರಗತಿಯಲ್ಲಿ ಕೇಳಿ ಅದೇ ಹಾಳೆಯ ಕೆಳಗೆ ಬರೆಯಬೇಕು.