ಕೂಸಿನ ಕತ್ತಿಗೊಂದು ಆಸರೆ

ಬಾಣಂತನ ಮುಗಿಸಿ ಕೊತ್ತಗೆರೆಯ ತವರಿನಿಂದ ಬೆಂಗಳೂರಿಗೆ ಹೊರಟ ಮಗಳ ಕೈಗೆ ಕೂಸನ್ನು ಕೊಡುವಾಗ ಯಾವ ಅಜ್ಜಿಯಾದರೂ ಹೇಳುತ್ತಾಳೆ: "ಕತ್ತಿನ ಕೆಳಗೆ ಕೈ ಇಟ್ಕೊಳವ್ವ." ಎಳೆಗೂಸಿನ ತಲೆ ಅದರ ಮೈಯುದ್ದದ ಕಾಲು ಭಾಗದಷ್ಟು. ಅದನ್ನು ಹೊರುವ ಕತ್ತಿನ ಮೂಳೆಗಳು ಇನ್ನೂ ಬಲಿತಿರುವುದಿಲ್ಲ. ಅಜ್ಜಿಯ ಅಂಗೈ ಮಾಡುವ ಕೆಲಸವನ್ನೇ ಕಾರಿನಲ್ಲಿ ಮಾಡುವುದು, ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟು.

ತಾಯಿಯ ಮಡಿಲು ಸಾಲದೇ? ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು, ಸೆಕೆಂಡಿನ ಹತ್ತರಲ್ಲೊಂದು ಪಾಲಿನಲ್ಲಿ ನಿಂತಿತು ಎನ್ನಿ. ಆಗ 7 ಕಿಲೋ ಕೂಸನ್ನು ತಡೆದು ಹಿಡಿಯಲು, ಕ್ವಿಂಟಾಲ್ ತೂಕದ ರಾಗಿ ಮೂಟೆಯನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು. ಅಷ್ಟು ಬಲ ಯಾವ ತಾಯಿಯ ತೋಳಿಗೂ ಇಲ್ಲ.

ಸ್ವೀಡನ್ನಿನ ವೈದ್ಯ ಬರ್ಟಿಲ್ ಆಲ್ಡ್‌ಮನ್ ಇದಕ್ಕೆ ಉಪಾಯ ಕಂಡದ್ದು ಗಗನಯಾತ್ರಿಗಳಲ್ಲಿ. ರಾಕೆಟ್ ಏರುವಾಗ ಅವರು ಬೆನ್ನು ಚಾಚಿ ಮಲಗಿರುತ್ತಾರೆ. ಒತ್ತಡವೆಲ್ಲ ಬೆನ್ನಿನ ತುಂಬ ಹರಡಿಹೋಗುತ್ತದೆ. 1964ರಲ್ಲಿ ಆಲ್ಡ್‌ಮನ್ ವೋಲ್ವೋ ಕಾರಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಅಂಥದೇ ಸೀಟನ್ನಿಟ್ಟು ಪರೀಕ್ಷಿಸಿದರು. ಮುಂದಿನಿಂದ ಡಿಕ್ಕಿಯಾದರೆ ಕೂಸು ಸೀಟಿನ ಬೆನ್ನಿಗೇ ಒರಗುತ್ತದೆ; ತಲೆ, ಕತ್ತು, ಬೆನ್ನು ಒಟ್ಟಿಗೇ ನಿಲ್ಲುತ್ತವೆ. ಎಷ್ಟು ಸರಳ, ಎಷ್ಟು ಚೆಂದದ ಯೋಚನೆ!

ಸೀಟು ಕೊಂಡರೆ ಮುಗಿಯಲಿಲ್ಲ, ಕಟ್ಟುವುದರಲ್ಲೇ ಕಸುಬಿದೆ. ಹಿಂದಿನ ಸೀಟಿನಲ್ಲಿಡಿ, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಬೇಡ. ಕಾರಿನ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಗದ್ದ ಎದೆಗೆ ಬಾಗಿ ಉಸಿರು ಕಟ್ಟದಂತೆ ಸೀಟು ಹಿಂದಕ್ಕೆ ಒರಗಿರಬೇಕು. ಭುಜದ ಪಟ್ಟಿಗಳು ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಬಿಗಿಯಬೇಕು. ದಪ್ಪ ಸ್ವೆಟರ್ ಮೇಲೆ ಪಟ್ಟಿ ಕಟ್ಟಿದರೆ ಒಳಗೆ ಸಡಿಲ ಉಳಿಯುತ್ತದೆ. ಮೊದಲು ಪಟ್ಟಿ ಕಟ್ಟಿ, ಆಮೇಲೆ ಹೊದಿಸಿ.

ಕಾರಿನಲ್ಲಿ ಮಗುವಿಗೆ ರಕ್ಷಣೆ ಬೇಕೆಂದು ಕಾನೂನೂ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟಿನ ರಕ್ಷಣೆ ಇಲ್ಲದಿದ್ದರೆ 1000 ರೂಪಾಯಿ ದಂಡ.

ಕುಣಿಗಲ್ ದಾಟುವಷ್ಟರಲ್ಲಿ ಕೂಸು ಅತ್ತರೆ, ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಬೇಡಿ. ಒಳ್ಳೆಯ ಜಾಗ ನೋಡಿ ನಿಲ್ಲಿಸಿ, ಎತ್ತಿಕೊಂಡು ಹಾಲೂಡಿಸಿ, ಮತ್ತೆ ಕಟ್ಟಿ ಹೊರಡಿ. ಊರು ಸೇರುವುದು ಅರ್ಧ ಗಂಟೆ ತಡವಾದರೇನಂತೆ? ಇಳಿದ ಮೇಲೆ ಮಡಿಲು ಇದ್ದೇ ಇದೆ.